ಒಂದು ಹೊಳೆ, ಹಲವು ಊರು: ನೀರು ಹಂಚಿಕೊಳ್ಳುವ ಪಾಠ

ಮಕ್ಕಳೇ, ಬಂಡೀಪುರದ ಕಾಡಿನ ಒಂದು ದಿಣ್ಣೆಯ ಮೇಲೆ ಜೋರಾಗಿ ಮಳೆ ಬಿತ್ತು ಎಂದುಕೊಳ್ಳಿ. ದಿಣ್ಣೆಯ ಉತ್ತರದ ಇಳಿಜಾರಿಗೆ ಒಂದು ಹನಿ ಬಿತ್ತು. ದಕ್ಷಿಣದ ಇಳಿಜಾರಿಗೆ ಇನ್ನೊಂದು ಹನಿ ಬಿತ್ತು. ಈ ಎರಡು ಹನಿಗಳು ಎಲ್ಲಿಗೆ ಹೋಗುತ್ತವೆ?

ಉತ್ತರದ ಹನಿ ಹಳ್ಳಕ್ಕೆ ಸೇರಿ, ಗುಂಡ್ಲು ಹೊಳೆಗೆ ಇಳಿಯುತ್ತದೆ. ಗುಂಡ್ಲುಪೇಟೆಯನ್ನು ದಾಟಿ, ನಂಜನಗೂಡಿನಲ್ಲಿ ಕಬಿನಿಯನ್ನು ಸೇರುತ್ತದೆ. ಕಬಿನಿ ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯನ್ನು ಕೂಡುತ್ತದೆ. ದಕ್ಷಿಣದ ಹನಿ ಮೋಯಾರ್ ನದಿಗೆ ಇಳಿಯುತ್ತದೆ. ಬಂಡೀಪುರಕ್ಕೂ ತಮಿಳುನಾಡಿನ ಮುದುಮಲೆಗೂ ನಡುವೆ ಗಡಿಯಾಗಿ ಹರಿಯುವ ನದಿ ಇದು. ಮೋಯಾರ್ ಭವಾನಿ ನದಿಯನ್ನು ಸೇರುತ್ತದೆ. ಭವಾನಿ ತಮಿಳುನಾಡಿನಲ್ಲಿ ಕಾವೇರಿಯನ್ನು ಸೇರುತ್ತದೆ. ಒಂದೇ ದಿಣ್ಣೆಯಲ್ಲಿ ಬೇರೆಯಾದ ಹನಿಗಳು ನೂರಾರು ಕಿಲೋಮೀಟರ್ ಸುತ್ತಿ ಮತ್ತೆ ಒಂದಾದವು!

ಹೀಗೆ ಒಂದು ನದಿಗೆ ನೀರು ಹರಿದು ಬರುವ ಇಡೀ ನೆಲವನ್ನು ಆ ನದಿಯ ಜಲಾನಯನ ಪ್ರದೇಶ ಎನ್ನುತ್ತಾರೆ. ಚಾಮರಾಜನಗರ, ಗುಂಡ್ಲುಪೇಟೆ, ಯಳಂದೂರು, ಕೊಳ್ಳೇಗಾಲ ಎಲ್ಲವೂ ಕಾವೇರಿ ಜಲಾನಯನದಲ್ಲಿವೆ. ಕೇರಳದ ವಯನಾಡು, ತಮಿಳುನಾಡಿನ ತಂಜಾವೂರು ಕೂಡ ಇದರಲ್ಲಿಯೇ ಇವೆ. ರಾಜ್ಯಗಳ ಗಡಿಯನ್ನು ನಾವು ನಕ್ಷೆಯ ಮೇಲೆ ಗೆರೆ ಎಳೆದು ತೋರಿಸುತ್ತೇವೆ. ನೀರಿಗೆ ಆ ಗೆರೆ ಕಾಣುವುದಿಲ್ಲ. ಅದಕ್ಕೆ ಗೊತ್ತಿರುವುದು ಇಳಿಜಾರು ಮಾತ್ರ.

ಕೆರೆಯ ಜಮಾ-ಖರ್ಚು

ನಿಮ್ಮೂರಿನ ಕೆರೆಯನ್ನು ನೆನಪಿಸಿಕೊಳ್ಳಿ. ಅದಕ್ಕೂ ಅಂಗಡಿಯ ಲೆಕ್ಕದ ಹಾಗೆ ಜಮಾ-ಖರ್ಚು ಇದೆ.

ಜಮಾ: ಮಳೆಯ ನೀರು, ಹಳ್ಳಗಳಿಂದ ಬರುವ ನೀರು.
ಖರ್ಚು: ತೂಬಿನಿಂದ ಗದ್ದೆಗೆ ಬಿಡುವ ನೀರು, ಕೋಡಿ ಬಿದ್ದು ಹೋಗುವ ನೀರು, ನೆಲಕ್ಕೆ ಇಂಗುವ ನೀರು, ಬಿಸಿಲಿಗೆ ಆವಿಯಾಗುವ ನೀರು.

ಜಮಾ ಹೆಚ್ಚಾದರೆ ಕೆರೆ ತುಂಬುತ್ತದೆ. ಖರ್ಚು ಹೆಚ್ಚಾದರೆ ಕೆರೆ ಬತ್ತುತ್ತದೆ. ಪಶ್ಚಿಮ ಘಟ್ಟದ ಮಳೆ ನೆರಳಿನಲ್ಲಿರುವ ನಮ್ಮ ಭಾಗಕ್ಕೆ ವಯನಾಡಿನಷ್ಟು ಮಳೆ ಬೀಳುವುದಿಲ್ಲ. ಮೋಡಗಳು ಘಟ್ಟವನ್ನು ಏರುವಾಗಲೇ ಬಹುಪಾಲು ನೀರನ್ನು ಸುರಿದುಬಿಡುತ್ತವೆ. ಆದ್ದರಿಂದ ನಮ್ಮ ಕೆರೆಗಳ ಜಮಾ ಕಡಿಮೆ. ಖರ್ಚನ್ನು ಎಚ್ಚರದಿಂದ ಮಾಡಬೇಕು.

ಇದು ನಮ್ಮ ಹಿರಿಯರಿಗೆ ಚೆನ್ನಾಗಿ ಗೊತ್ತಿತ್ತು. ಕೆರೆಯ ನೀರನ್ನು ಹಂಚಲು ಊರಿನಲ್ಲಿ ನೀರಗಂಟಿ ಎಂಬುವರು ಇರುತ್ತಿದ್ದರು. ತೂಬಿನ ಪಕ್ಕದ ಗದ್ದೆಗೆ ಎಷ್ಟು ಹೊತ್ತು, ಅಚ್ಚುಕಟ್ಟಿನ ಕೊನೆಯ ಗದ್ದೆಗೆ ಎಷ್ಟು ಹೊತ್ತು ಎಂದು ಅವರು ಸರದಿಯಂತೆ ನೀರು ಬಿಡುತ್ತಿದ್ದರು. ತೂಬಿನ ಹತ್ತಿರದವರು ತಮಗೆ ಬೇಕಾದಷ್ಟು ನೀರು ತಿರುಗಿಸಿಕೊಂಡರೆ ಕೊನೆಯ ಗದ್ದೆಯ ಪೈರು ಒಣಗುತ್ತದೆ. ಈ ಸಣ್ಣ ಸಂಗತಿಯನ್ನು ಮರೆತರೆ ಏನಾಗುತ್ತದೆ? ಒಂದು ಕಡಲೇ ಬತ್ತಿಹೋಗಬಹುದು. ಅದು ನಿಜವಾಗಿ ನಡೆದಿದೆ.

ಬತ್ತಿದ ಕಡಲು

ಮಧ್ಯ ಏಷ್ಯಾದಲ್ಲಿ ಅರಲ್ ಸಮುದ್ರವಿದೆ. ಹೆಸರು ಸಮುದ್ರವಾದರೂ ಅದು ಸುತ್ತಲೂ ನೆಲವಿರುವ ದೊಡ್ಡ ಸರೋವರ. 1960ರಲ್ಲಿ ಅದರ ವಿಸ್ತೀರ್ಣ ಸುಮಾರು 68,000 ಚದರ ಕಿ.ಮೀ. ಇತ್ತು. ಅಂದರೆ ಕರ್ನಾಟಕದ ಮೂರನೇ ಒಂದು ಭಾಗಕ್ಕಿಂತಲೂ ಹೆಚ್ಚು! ಆಗ ಅದು ಪ್ರಪಂಚದ ನಾಲ್ಕನೆಯ ದೊಡ್ಡ ಸರೋವರ.

ಅರಲ್‌ಗೆ ಎರಡು ನದಿಗಳು ನೀರು ತರುತ್ತಿದ್ದವು. ಒಂದು ಅಮು ದರ್ಯಾ, ಇನ್ನೊಂದು ಸಿರ್ ದರ್ಯಾ. ಅರಲ್‌ಗೆ ಕೋಡಿ ಇಲ್ಲ. ಬಂದ ನೀರು ಆವಿಯಾಗಿಯೇ ಹೋಗಬೇಕು. ಸಾವಿರಾರು ವರ್ಷಗಳ ಕಾಲ ಅದರ ನೀರಿನ ಮಟ್ಟವನ್ನು ನಿರ್ಧರಿಸಿದ್ದು ಮುಖ್ಯವಾಗಿ ಈ ಎರಡು ನದಿಗಳೇ.

ಆ ಪ್ರದೇಶ ಆಗ ಸೋವಿಯತ್ ಒಕ್ಕೂಟದಲ್ಲಿತ್ತು. ಮರಳುಗಾಡಿನಲ್ಲಿ ಹತ್ತಿ ಬೆಳೆಯಲು 1960ರ ದಶಕದಿಂದ ಎರಡೂ ನದಿಗಳ ನೀರನ್ನು ಹೆಚ್ಚು ಹೆಚ್ಚಾಗಿ ನಾಲೆಗಳಿಗೆ ತಿರುಗಿಸಿದರು. ಅಮು ದರ್ಯಾದಿಂದ ಹೊರಟ ಕಾರಾಕುಮ್ ನಾಲೆಯೊಂದೇ 1,300 ಕಿ.ಮೀ.ಗಿಂತ ಉದ್ದ. ಬಹಳಷ್ಟು ನೀರು ಹೊಲವನ್ನು ತಲುಪುವ ಮೊದಲೇ ಮರಳಿಗೆ ಇಂಗಿಹೋಗುತ್ತಿತ್ತು.

ಹತ್ತಿ ಬೆಳೆಯಿತು. ಆದರೆ ಕಡಲಿನ ಜಮಾ ನಿಂತುಹೋಯಿತು. ಬಿಸಿಲು ಮಾತ್ರ ತನ್ನ ಪಾಲನ್ನು ಬಿಡಲಿಲ್ಲ. 1980ರ ದಶಕದ ಕೊನೆಯ ಹೊತ್ತಿಗೆ ಅರಲ್ ಉತ್ತರ, ದಕ್ಷಿಣ ಎಂದು ಎರಡು ಹೋಳಾಯಿತು. 2007ರ ಹೊತ್ತಿಗೆ ಮೊದಲಿನ ವಿಸ್ತೀರ್ಣದ ಹತ್ತನೇ ಒಂದು ಭಾಗ ಮಾತ್ರ ಉಳಿಯಿತು. 2014ರಲ್ಲಿ ದಕ್ಷಿಣ ಭಾಗದ ಪೂರ್ವದ ಹೋಳು ಪೂರ್ತಿ ಬತ್ತಿತು.

ಮೊಯ್ನಾಕ್ ಎಂಬ ಊರು ಮೀನುಗಾರರ ಬಂದರಾಗಿತ್ತು. ಈಗ ಅಲ್ಲಿ ಹಳೆಯ ಹಡಗುಗಳು ಮರಳಿನ ಮೇಲೆ ತುಕ್ಕು ಹಿಡಿದು ನಿಂತಿವೆ. ಮೀನು ಹಿಡಿಯುವವರಿಗೂ, ಮೀನಿನ ಕಾರ್ಖಾನೆಯಲ್ಲಿ ದುಡಿಯುವವರಿಗೂ ಕೆಲಸ ಹೋಯಿತು. ಬತ್ತಿದ ತಳದಿಂದ ಉಪ್ಪು ಮತ್ತು ಕೀಟನಾಶಕ ಬೆರೆತ ಧೂಳು ಗಾಳಿಗೆ ಎದ್ದು ಊರೂರಿಗೆ ಹರಡಿತು. ಜನರಿಗೆ ಉಸಿರಾಟದ ಕಾಯಿಲೆಗಳು ಹೆಚ್ಚಿದವು. ನೀರಿನ ತಂಪು ಇಲ್ಲವಾಗಿ ಅಲ್ಲಿನ ಬೇಸಿಗೆ ಇನ್ನಷ್ಟು ಬಿಸಿಯಾಯಿತು. ಚಳಿಗಾಲ ಇನ್ನಷ್ಟು ಕೊರೆಯತೊಡಗಿತು.

ಮಾಡಿ ನೋಡಿ

ಒಂದು ಲೋಟ ನೀರಿಗೆ ಒಂದು ಚಮಚ ಉಪ್ಪು ಹಾಕಿ ಕರಗಿಸಿ. ಅದನ್ನು ಅಗಲವಾದ ತಟ್ಟೆಗೆ ಸುರಿದು ಬಿಸಿಲಿನಲ್ಲಿ ಇಡಿ. ದಿನವೂ ನೋಡಿ ಬರೆದುಕೊಳ್ಳಿ. ನೀರು ಪೂರ್ತಿ ಹೋದ ಮೇಲೆ ತಟ್ಟೆಯಲ್ಲಿ ಏನು ಉಳಿಯಿತು?

ನೀರು ಆವಿಯಾಗುತ್ತದೆ, ಉಪ್ಪು ಆವಿಯಾಗುವುದಿಲ್ಲ. ನೀರು ಕಡಿಮೆಯಾದಂತೆ ಉಳಿದ ನೀರು ಹೆಚ್ಚು ಹೆಚ್ಚು ಉಪ್ಪಾಗುತ್ತದೆ. ಅರಲ್‌ನಲ್ಲಿ ಮೊದಲು ಒಂದು ಲೀಟರ್ ನೀರಿನಲ್ಲಿ ಸುಮಾರು 10 ಗ್ರಾಂ ಉಪ್ಪು ಇತ್ತು. ದಕ್ಷಿಣ ಭಾಗದಲ್ಲಿ ಅದು 100 ಗ್ರಾಂ ದಾಟಿತು. ನಮ್ಮ ಅರಬ್ಬೀ ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪು ಇರುತ್ತದೆ. ಹೋಲಿಸಿ ನೋಡಿ. ಅರಲ್‌ನ ಮೀನುಗಳು ಸತ್ತದ್ದು ಏಕೆಂದು ಈಗ ತಿಳಿಯಿತಲ್ಲವೇ?

ಐದು ದೇಶಗಳು ಒಟ್ಟಿಗೆ ಕುಳಿತವು

1991ರಲ್ಲಿ ಸೋವಿಯತ್ ಒಕ್ಕೂಟ ಒಡೆಯಿತು. ಒಂದೇ ಮನೆಯವರಂತಿದ್ದ ಕಝಾಕಸ್ತಾನ, ಉಜ್ಬೇಕಿಸ್ತಾನ, ತುರ್ಕ್ಮೆನಿಸ್ತಾನ, ಕಿರ್ಗಿಸ್ತಾನ, ತಜಿಕಿಸ್ತಾನ ಬೇರೆ ಬೇರೆ ದೇಶಗಳಾದವು. ನದಿಗಳು ಮಾತ್ರ ಮೊದಲಿನಂತೆಯೇ ಎಲ್ಲರ ನೆಲದಲ್ಲೂ ಹರಿದವು.

ಇಲ್ಲೊಂದು ತೊಡಕು ಬಂತು. ಮೇಲಿನ ಬೆಟ್ಟದ ದೇಶವಾದ ಕಿರ್ಗಿಸ್ತಾನಕ್ಕೆ ಚಳಿಗಾಲದಲ್ಲಿ ಮನೆ ಬೆಚ್ಚಗಿಡಲು ವಿದ್ಯುತ್ ಬೇಕು. ಅದಕ್ಕಾಗಿ ಅಣೆಕಟ್ಟೆಯ ನೀರನ್ನು ಚಳಿಗಾಲದಲ್ಲಿ ಬಿಡಬೇಕು. ಕೆಳಗಿನ ದೇಶಗಳ ರೈತರಿಗೆ ನೀರು ಬೇಕಾಗುವುದು ಬೇಸಿಗೆಯಲ್ಲಿ! ಇಬ್ಬರ ಅಗತ್ಯವೂ ನ್ಯಾಯವಾದದ್ದೇ. ಹಾಗಾದರೆ ಏನು ಮಾಡುವುದು? 1998ರಲ್ಲಿ ಒಂದು ಒಪ್ಪಂದವಾಯಿತು. ಬೇಸಿಗೆಗೆಂದು ನೀರು ಉಳಿಸಿಕೊಟ್ಟರೆ, ಕೆಳಗಿನವರು ಚಳಿಗಾಲಕ್ಕೆ ಕಲ್ಲಿದ್ದಲು, ಅನಿಲ ಮುಂತಾದ ಇಂಧನ ಕೊಡಬೇಕು. ಈ ಒಪ್ಪಂದ ಪ್ರತಿವರ್ಷ ಸರಿಯಾಗಿ ನಡೆಯಲಿಲ್ಲ. ಆದರೂ ಕೊಟ್ಟು ತೆಗೆದುಕೊಳ್ಳುವ ದಾರಿ ಒಂದಿದೆ ಎಂದು ಅದು ತೋರಿಸಿತು.

ಅದಕ್ಕೂ ಮೊದಲು, 1992ರಲ್ಲಿ, ಐದು ದೇಶಗಳು ಸೇರಿ ನೀರು ಹಂಚಲು ಒಂದು ಆಯೋಗ ಮಾಡಿಕೊಂಡವು. 1993ರಲ್ಲಿ ಅರಲ್ ರಕ್ಷಣೆಗೆ ಒಂದು ಅಂತರರಾಷ್ಟ್ರೀಯ ನಿಧಿ ಸ್ಥಾಪಿಸಿದವು.

2005ರಲ್ಲಿ ಒಳ್ಳೆಯ ಸುದ್ದಿ ಬಂತು. ಕಝಾಕಸ್ತಾನವು ವಿಶ್ವಬ್ಯಾಂಕಿನ ಸಾಲದ ನೆರವಿನಿಂದ ಉತ್ತರದ ಅರಲ್‌ಗೆ ಕೋಕ್-ಅರಲ್ ಎಂಬ ಒಡ್ಡು ಕಟ್ಟಿತು. ನಮ್ಮ ಕೆರೆ ಏರಿಯ ಹಾಗೆ ಅದು ಸಿರ್ ದರ್ಯಾದ ನೀರನ್ನು ತಡೆದು ನಿಲ್ಲಿಸಿತು. ಎಣಿಸಿದ್ದಕ್ಕಿಂತ ಬೇಗ ನೀರಿನ ಮಟ್ಟ ಏರಿತು. ಉಪ್ಪು ಕಡಿಮೆಯಾಯಿತು. ಮೀನುಗಳು ಮರಳಿದವು, ಮೀನುಗಾರರೂ ಮರಳಿದರು. ದಕ್ಷಿಣದ ಭಾಗ ಹಾಗೆ ಮರಳಲಿಲ್ಲ. ಬತ್ತಿದ ತಳದಲ್ಲಿ ಧೂಳು ಏಳದಂತೆ ಸಾಕ್ಸಾಲ್ ಎಂಬ ಮರುಭೂಮಿಯ ಗಿಡವನ್ನು ನೆಡುತ್ತಿದ್ದಾರೆ. 2022ರಲ್ಲಿ ಅಫ್ಘಾನಿಸ್ತಾನವೂ ಅಮು ದರ್ಯಾದಿಂದ ದೊಡ್ಡ ನಾಲೆಯೊಂದನ್ನು ತೋಡಲು ಆರಂಭಿಸಿತು. ಐದು ದೇಶಗಳ ನಿಧಿಯಲ್ಲಿ ಅದು ಸದಸ್ಯನಲ್ಲ. ಅದರ ರೈತರಿಗೂ ನೀರು ಬೇಕು. ಮಾತುಕತೆಗೆ ಆರನೆಯವರನ್ನೂ ಕರೆಯಬೇಕಾದ ಕಾಲ ಬಂದಿದೆ.

ನಮ್ಮ ಕಾವೇರಿಯ ಲೆಕ್ಕ

ನೀರು ಹಂಚಿಕೊಳ್ಳುವ ಕಷ್ಟ ನಮಗೂ ಗೊತ್ತು. ಕಾವೇರಿಯ ಬಗ್ಗೆ ಮೈಸೂರು ಮತ್ತು ಮದ್ರಾಸ್ ನಡುವೆ 1892ರಲ್ಲಿ, ಮತ್ತೆ 1924ರಲ್ಲಿ ಒಪ್ಪಂದಗಳಾಗಿದ್ದವು. 1990ರಲ್ಲಿ ಕೇಂದ್ರ ಸರ್ಕಾರ ಕಾವೇರಿ ನ್ಯಾಯಮಂಡಳಿಯನ್ನು ರಚಿಸಿತು. 2007ರಲ್ಲಿ ಅದರ ಅಂತಿಮ ತೀರ್ಪು ಬಂತು. 2018ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಿದ್ದಿ ಹೀಗೆ ಹಂಚಿತು:

ತಮಿಳುನಾಡು – 404.25 ಟಿಎಂಸಿ
ಕರ್ನಾಟಕ – 284.75 ಟಿಎಂಸಿ
ಕೇರಳ – 30 ಟಿಎಂಸಿ
ಪುದುಚೇರಿ – 7 ಟಿಎಂಸಿ
ಪರಿಸರಕ್ಕೆ – 10 ಟಿಎಂಸಿ
ತಡೆಯಲಾಗದೆ ಸಮುದ್ರಕ್ಕೆ ಹೋಗುವುದು – 4 ಟಿಎಂಸಿ

ಒಂದು ಟಿಎಂಸಿ ಎಂದರೆ 100 ಕೋಟಿ ಘನ ಅಡಿ ನೀರು. ಪಟ್ಟಿಯ ಐದನೆಯ ಸಾಲನ್ನು ಇನ್ನೊಮ್ಮೆ ಓದಿ. ನದಿಗೂ ಒಂದು ಪಾಲು ಇದೆ! ಅರಲ್‌ನ ನೀರು ಹಂಚಿದವರು ಕಡಲಿಗೆ ಪಾಲು ಇಡುವುದನ್ನು ಮರೆತಿದ್ದರು. ಅದೇ ವರ್ಷ ಕಾವೇರಿ ನೀರು ನಿರ್ವಹಣಾ ಪ್ರಾಧಿಕಾರವೂ ರಚನೆಯಾಯಿತು. ಒಂದು ರೀತಿಯಲ್ಲಿ ಅದು ಇಡೀ ಕಾವೇರಿಯ ನೀರಗಂಟಿ. ಮಳೆ ಚೆನ್ನಾಗಿ ಬಂದ ವರ್ಷ ಜಗಳ ಕಡಿಮೆ. ಮಳೆ ಕೈಕೊಟ್ಟ ವರ್ಷವೇ ಇದರ ನಿಜವಾದ ಪರೀಕ್ಷೆ.

ಗುಂಡ್ಲು ಹೊಳೆಯ ನೀರು ಕಬಿನಿಗೆ ಇಳಿಯುತ್ತದೆ ಎಂದು ಮೊದಲೇ ಓದಿದಿರಿ. ಆಲಂಬೂರು ಏತ ನೀರಾವರಿಯಂಥ ಯೋಜನೆಗಳಲ್ಲಿ ಕಬಿನಿಯ ನೀರನ್ನು ಪಂಪುಗಳಿಂದ ಮೇಲೆತ್ತಿ, ಗುಂಡ್ಲುಪೇಟೆ ಮತ್ತು ಚಾಮರಾಜನಗರದ ಕಡೆಯ ಬತ್ತಿದ ಕೆರೆಗಳಿಗೆ ತುಂಬಿಸುತ್ತಾರೆ. ಕೆರೆ ತುಂಬಿದರೆ ಸುತ್ತಲಿನ ಬಾವಿ, ಬೋರ್‌ವೆಲ್‌ಗಳಲ್ಲೂ ನೀರು ಏರುತ್ತದೆ. ಇದು ಒಳ್ಳೆಯದೇ. ಆದರೆ ನೀರು ತಾನಾಗಿ ಮೇಲೆ ಹತ್ತುವುದಿಲ್ಲ, ವಿದ್ಯುತ್ ಬೇಕು. ಕೆರೆಗೆ ಬರುವ ಹಳ್ಳವನ್ನು ಮುಚ್ಚಿ, ಹೂಳು ತುಂಬಲು ಬಿಟ್ಟು, ಆಮೇಲೆ ಪಂಪಿನ ದಾರಿ ಕಾಯುವುದು ಜಾಣತನವಲ್ಲ. ಪುಕ್ಕಟೆಯಾಗಿ ಇಳಿದು ಬರುವ ಮಳೆನೀರಿಗೆ ದಾರಿ ಬಿಡುವುದೇ ಮೊದಲ ಕೆಲಸ.

ತರಗತಿಯಲ್ಲಿ ಮಾಡಿ

1. ಮೇಲಿನ ಆರು ಪಾಲುಗಳನ್ನು ಕೂಡಿ. ಒಟ್ಟು 740 ಬರಬೇಕು.
2. ಆರು ಗುಂಪುಗಳಾಗಿ. 740ಕ್ಕೆ ಬದಲು 74 ಹುಣಸೆಬೀಜ ತೆಗೆದುಕೊಂಡು ಪಾಲಿನಂತೆ ಹಂಚಿ. ಚೂರು ಬಂದಲ್ಲಿ ಹತ್ತಿರದ ಪೂರ್ಣ ಸಂಖ್ಯೆ ಇರಲಿ. ಈಗ ಬರದ ವರ್ಷ ಎಂದುಕೊಂಡು 50 ಬೀಜ ಮಾತ್ರ ಇಡಿ. ಯಾರು ಎಷ್ಟು ಬಿಟ್ಟುಕೊಡಬೇಕು? ಎಲ್ಲರೂ ಒಪ್ಪುವವರೆಗೆ ಮಾತನಾಡಿ.
3. ದೊಡ್ಡವರೊಂದಿಗೆ ಕೆರೆಗೆ ಹೋಗಿ. ಏರಿಯ ಮೇಲಿನ ಒಂದು ಗುರುತಿನ ಕಲ್ಲಿನಿಂದ ನೀರಿನ ಅಂಚಿಗೆ ಎಷ್ಟು ಹೆಜ್ಜೆ ಎಂದು ತಿಂಗಳಿಗೊಮ್ಮೆ ಎಣಿಸಿ ಬರೆದಿಡಿ. ವರ್ಷದ ಕೊನೆಗೆ ನಕ್ಷೆ ಬಿಡಿಸಿ.

ಯೋಚಿಸಿ ಉತ್ತರಿಸಿ

1. ಕೋಡಿ ಇಲ್ಲದ ಸರೋವರದ ನೀರು ಉಪ್ಪಾಗುವುದು ಏಕೆ?
2. ನಿಮ್ಮ ಊರಿನ ಹಳ್ಳ ಯಾವ ಹೊಳೆಯನ್ನು ಸೇರುತ್ತದೆ? ಅದರ ಕೆಳಗೆ ಯಾವ ಊರುಗಳಿವೆ?
3. ಕಿರ್ಗಿಸ್ತಾನ ಮತ್ತು ಅದರ ಕೆಳಗಿನ ದೇಶಗಳ ತೊಡಕಿಗೆ ನೀವಾಗಿದ್ದರೆ ಯಾವ ಪರಿಹಾರ ಸೂಚಿಸುತ್ತಿದ್ದಿರಿ?

ನೆನಪಿಡಿ: ಪ್ರತಿಯೊಂದು ಊರೂ ಇನ್ನೊಂದು ಊರಿಗೆ ಮೇಲಿನ ಊರು, ಮತ್ತೊಂದು ಊರಿಗೆ ಕೆಳಗಿನ ಊರು. ಮೇಲಿನವರು ನಮಗೆ ಹೇಗೆ ನೀರು ಬಿಡಬೇಕೆಂದು ಬಯಸುತ್ತೇವೆಯೋ, ಕೆಳಗಿನವರಿಗೆ ನಾವೂ ಹಾಗೆಯೇ ಬಿಡೋಣ.