ಫೋನು ಕೊಡುವ ಮುಂಚೆ

ತಿಪಟೂರು ಮಂಡಿಯ ಕೊಬ್ಬರಿ ಲೆಕ್ಕ, ಬ್ಯಾಂಕಿನ ಸಂದೇಶ, ಮನೆಯವರ ಮಾತುಕತೆ ಎಲ್ಲ ಈಗ ಒಂದೇ ಫೋನಿನಲ್ಲಿ. ತುರುವೇಕೆರೆಯಲ್ಲಿ ಪೊಲೀಸರು ತನಿಖೆಗೆಂದು ಅದನ್ನು ಕೇಳಿದರೆ ಗಾಬರಿ ಬೇಡ, ಜಗಳವೂ ಬೇಡ. 'ಸಾರ್, ಕೋರ್ಟಿನ ವಾರಂಟ್ ಇದೆಯಾ?' ಎಂದು ಮೆಲ್ಲಗೆ ಕೇಳಿ. ಫೋನು ಶೋಧಿಸಲು ವಾರಂಟ್ ಬೇಕು, ತುರ್ತಾದರೆ ಕಾರಣ ಬರೆದಿಡಬೇಕು ಎಂದು ನಮ್ಮ ಹೈಕೋರ್ಟೇ 2021ರಲ್ಲಿ ಹೇಳಿದೆ. ಪಾಸ್‌ವರ್ಡ್ ಕೊಡುವುದು ತನ್ನ ವಿರುದ್ಧ ತಾನೇ ಸಾಕ್ಷಿ ನುಡಿದಂತಲ್ಲ ಎಂದೂ ಅದೇ ತೀರ್ಪು ಹೇಳಿತು. ನನಗೇನೋ ಅದು ಒಪ್ಪಿಗೆಯಾಗಿಲ್ಲ. ಬಾಯಿ ತೆರೆಯುವುದಕ್ಕೂ ಬೀಗ ತೆರೆಯುವುದಕ್ಕೂ ಅಷ್ಟೇನು ದೂರ? ಮಂಪರು ಪರೀಕ್ಷೆ, ಸುಳ್ಳುಪತ್ತೆ ಮಾತ್ರ ನಿಮ್ಮ ಒಪ್ಪಿಗೆಯಿಲ್ಲದೆ ಕೂಡದು. ಅದು ಸುಪ್ರೀಂ ಕೋರ್ಟಿನ 2010ರ ಸೆಲ್ವಿ ತೀರ್ಪು. ವಕೀಲರಿಗೆ ಕೊಡಲು ದುಡ್ಡಿಲ್ಲವೇ? ಬಂಧನದಲ್ಲಿರುವವರಿಗೆ, ಹೆಂಗಸರಿಗೆ ತಾಲ್ಲೂಕು ಕಾನೂನು ಸೇವಾ ಸಮಿತಿ ವಕೀಲರನ್ನು ಉಚಿತವಾಗಿ ಕೊಡುತ್ತದೆ.