4294967297: ಫರ್ಮಾ ಊಹೆಯನ್ನು ಕೆಡವಿದ ಸಂಖ್ಯೆ

2ರ 32ನೇ ಘಾತಕ್ಕೆ 1 ಕೂಡಿಸಿದರೆ ಬರುವುದು 4,29,49,67,297. 2ರ ಘಾತಾಂಕ 1, 2, 4, 8, 16, 32 ಹೀಗೆ ದುಪ್ಪಟ್ಟಾಗುತ್ತ ಹೋದಾಗ, ಆ ಘಾತಗಳಿಗೆ 1 ಕೂಡಿಸಿ ಬರುವವೇ ಫರ್ಮಾ ಸಂಖ್ಯೆಗಳು. ಇದು ಐದನೆಯದು (ಎಣಿಕೆ ಸೊನ್ನೆಯಿಂದ ಶುರು, ಇಲ್ಲೇ ಹಲವರು ಎಡವುತ್ತಾರೆ). ಇದಕ್ಕೂ ಮೊದಲಿನ 3, 5, 17, 257, 65537 ಎಲ್ಲವೂ ಅವಿಭಾಜ್ಯ. ಹಾಗಾಗಿ ಮುಂದಿನವೂ ಅವಿಭಾಜ್ಯವೇ ಎಂದು ಫ್ರಾನ್ಸಿನ ಪಿಯರ್ ಡಿ ಫರ್ಮಾ ನಂಬಿದ್ದ. 1732ರಲ್ಲಿ ಗಣಿತಜ್ಞ ಆಯ್ಲರ್ ಈ ಐದನೇ ಸಂಖ್ಯೆಯನ್ನು ಒಡೆದು ತೋರಿಸಿದ: 641 × 67,00,417.

ಆಯ್ಲರ್ ಕಂಡಂತೆ, ಇದಕ್ಕೆ ಅವಿಭಾಜ್ಯ ಅಪವರ್ತನವಿದ್ದರೆ ಅದು 64ರ ಗುಣಕಕ್ಕಿಂತ 1 ಹೆಚ್ಚಿರಬೇಕು. ಅಂಥ ಅವಿಭಾಜ್ಯಗಳು 193, 257, 449, 577, 641. ಐದನೆಯದಕ್ಕೇ ಶೇಷ ಸೊನ್ನೆ! ಭಾಗಾಕಾರ ಮಾಡದೆಯೂ ತಾಳೆ ನೋಡಬಹುದು. 641 = 5 × 128 + 1; ಆದ್ದರಿಂದ 641ರಿಂದ ಭಾಗಿಸಿದಾಗ 5 × 2⁷ರ ಶೇಷ −1, ಅದರ ನಾಲ್ಕನೇ ಘಾತ 5⁴ × 2²⁸ರ ಶೇಷ 1. ಇತ್ತ 641 = 5⁴ + 2⁴; ಹಾಗಾಗಿ 5⁴ರ ಜಾಗಕ್ಕೆ −2⁴ ಹಾಕಿ. −2³²ರ ಶೇಷ 1 ಎಂದಾಗುತ್ತದೆ. ಅಂದರೆ 2³² + 1 ನಿಶ್ಶೇಷ.

67,00,417 ಕೂಡ ಅವಿಭಾಜ್ಯ. 4,29,49,67,297ಕ್ಕೆ ಒಟ್ಟು ಭಾಜಕಗಳೆಷ್ಟು ಎಂದು ಕೇಳಿದರೆ ನಾಲ್ಕು ಎಂದು ಬರೆಯಿರಿ. 1 ಮತ್ತು ಆ ಸಂಖ್ಯೆಯನ್ನು ಬಿಡಬೇಡಿ.