ಆರೋಗ್ಯ ಪ್ರಶ್ನೋತ್ತರ: ಕಿರುಚಿತ್ರದ ಚಿತ್ರೀಕರಣದಲ್ಲಿ ಜೀವ ಜೋಪಾನ

ಪ್ರಶ್ನೆ: ಕ್ಯಾಮೆರಾ ಬಾಡಿಗೆ ದಿನದ ಲೆಕ್ಕದಲ್ಲಿರುವುದರಿಂದ ಕಾಲೇಜಿನ ತಂಡಗಳು ಬೆಳಗಿನ ಜಾವದಿಂದ ನಡುರಾತ್ರಿಯವರೆಗೂ ಚಿತ್ರೀಕರಿಸುವುದುಂಟು. ಹರೆಯದವರಿಗೆ ಇದರಿಂದ ತೊಂದರೆಯೇನು?

ಉತ್ತರ: ಕೈಯಲ್ಲಿ ಕಾಸಿಲ್ಲದ ಚಿತ್ರೀಕರಣದಲ್ಲಿ ಎಲ್ಲಕ್ಕಿಂತ ದೊಡ್ಡ ಅಪಾಯ ನಿದ್ದೆಗೇಡು. ಸಾಹಸ ದೃಶ್ಯವಿದ್ದರೆ ಎಲ್ಲರೂ ಎಚ್ಚರವಹಿಸುತ್ತಾರೆ. ಚಿತ್ರೀಕರಣ ಮುಗಿಸಿ ಬೈಕಿನಲ್ಲಿ ಮನೆಗೆ ಹೊರಟವರ ಬಗ್ಗೆ ಯಾರೂ ಯೋಚಿಸುವುದಿಲ್ಲ. ಸತತ 17ರಿಂದ 19 ಗಂಟೆ ಎಚ್ಚರವಿದ್ದವರ ಚುರುಕು, 100 ಮಿ.ಲೀ. ರಕ್ತದಲ್ಲಿ 50 ಮಿ.ಗ್ರಾಂ ಮದ್ಯಸಾರ ಇರುವವರ ಮಟ್ಟಕ್ಕೆ ಕುಸಿಯುತ್ತದೆ. ಭಾರತದಲ್ಲಿ ವಾಹನ ಚಲಾಯಿಸುವವರಿಗೆ ಕಾನೂನು ಹಾಕಿರುವ ಮಿತಿ 30 ಮಿ.ಗ್ರಾಂ. ಹನಿ ಕುಡಿಯದಿದ್ದರೂ ಅವರು ಕುಡಿದವರಷ್ಟೇ ಅಪಾಯಕಾರಿ ಎಂದಾಯಿತು. ತೂಕಡಿಕೆ ಮೂರೇ ಸೆಕೆಂಡು ಆವರಿಸಿದರೂ ಗಂಟೆಗೆ 60 ಕಿ.ಮೀ. ವೇಗದ ಬೈಕು ಅಷ್ಟರಲ್ಲಿ 50 ಮೀಟರ್ ಸಾಗಿರುತ್ತದೆ.

1997ರಲ್ಲಿ ಅಮೆರಿಕದಲ್ಲಿ ‘ಪ್ಲೆಸೆಂಟ್‌ವಿಲ್’ ಚಿತ್ರದ ಸಹಾಯಕ ಛಾಯಾಗ್ರಾಹಕ ಬ್ರೆಂಟ್ ಹರ್ಷ್‌ಮನ್ 19 ಗಂಟೆ ದುಡಿದು ಮನೆಗೆ ಮರಳುವಾಗ ಕಾರು ಅಪಘಾತದಲ್ಲಿ ತೀರಿಕೊಂಡರು. ಹೆಸರಾಂತ ಛಾಯಾಗ್ರಾಹಕ ಹ್ಯಾಸ್ಕೆಲ್ ವೆಕ್ಸ್‌ಲರ್ ಈ ಸಾವನ್ನು ಮುಂದಿಟ್ಟುಕೊಂಡು ಚಿತ್ರರಂಗದ ನಿದ್ದೆಗೇಡಿನ ಮೇಲೆ ಸಾಕ್ಷ್ಯಚಿತ್ರವನ್ನೇ ಮಾಡಿದರು. ಹಣಬಲವುಳ್ಳ ಹಾಲಿವುಡ್ಡಿನ ಪಾಡೇ ಹೀಗಿದ್ದರೆ, ಒಬ್ಬನೇ ನಿರ್ದೇಶಕ, ಚಾಲಕ, ಊಟ ತರುವವನೂ ಆಗಿರುವ ತಂಡದ ಕಥೆ ಹೇಳಬೇಕಾಗಿಲ್ಲ.

ದಿನದ ಕೆಲಸ 12 ಗಂಟೆಗೆ ನಿಲ್ಲಬೇಕು. ಒಂದು ದಿನದಿಂದ ಮರುದಿನಕ್ಕೆ ಕನಿಷ್ಠ 10 ಗಂಟೆ ಬಿಡುವಿರಬೇಕು. ಸಂಜೆಯ ಹೊತ್ತಿಗೆ ಉಳಿದ ಶಾಟ್‌ಗಳಲ್ಲಿ ಯಾವುದನ್ನು ಕೈಬಿಡಬಹುದು ಎಂಬುದು ಬೆಳಿಗ್ಗೆಯೇ ನಿರ್ಧಾರವಾಗಿದ್ದರೆ ರಾತ್ರಿಯ ಜಗ್ಗಾಟ ತಪ್ಪುತ್ತದೆ. ಹೊತ್ತು ಮೀರಿಯೇಬಿಟ್ಟರೆ ಲೊಕೇಶನ್ನಿನಲ್ಲೇ ಚಾಪೆ ಹಾಸಿ ಮಲಗುವುದು ಲೇಸು. ಕಾಫಿಯ ಪ್ರಭಾವ ಮೈಗೆ ಹತ್ತಲು ಅರ್ಧ ಗಂಟೆಯವರೆಗೂ ಬೇಕು. ಅದು ತೂಕಡಿಕೆಯನ್ನು ಮುಂದೂಡೀತೇ ಹೊರತು ನಿದ್ದೆಯ ಬಾಕಿ ತೀರಿಸದು.

ಪ್ರಶ್ನೆ: ಕೆರೆ, ಹೊಳೆಯಲ್ಲಿ ತೆಗೆಯುವ ದೃಶ್ಯಕ್ಕೆ ಈಜು ಬಲ್ಲ ನಟ ಇದ್ದರೆ ಸಾಲದೇ?

ಉತ್ತರ: ಸಾಲದು. 2016ರ ನವೆಂಬರ್ 7ರಂದು ತಿಪ್ಪಗೊಂಡನಹಳ್ಳಿ ಜಲಾಶಯದಲ್ಲಿ ‘ಮಾಸ್ತಿಗುಡಿ’ ಚಿತ್ರಕ್ಕಾಗಿ ಹೆಲಿಕಾಪ್ಟರಿನಿಂದ ನೀರಿಗೆ ಧುಮುಕಿದ ನಟರಾದ ಅನಿಲ್ ಮತ್ತು ಉದಯ್ ಮುಳುಗಿ ತೀರಿಕೊಂಡರು. ಇಬ್ಬರಿಗೂ ಲೈಫ್ ಜಾಕೆಟ್ ಇರಲಿಲ್ಲ. ವ್ಯಾಯಾಮದಲ್ಲಿ ಪಳಗಿದ ಕಟ್ಟುಮಸ್ತಾದ ಮೈ ಅಲ್ಲಿ ನೆರವಿಗೆ ಬರಲಿಲ್ಲ. ತಣ್ಣೀರು ತಟ್ಟನೆ ತಾಗಿದಾಗ ಮನುಷ್ಯ ತನಗರಿವಿಲ್ಲದೆ ಉಸಿರೆಳೆದುಕೊಳ್ಳುತ್ತಾನೆ. ಆ ಕ್ಷಣ ಮುಖ ನೀರೊಳಗಿದ್ದರೆ ನೀರು ಶ್ವಾಸನಾಳಕ್ಕೆ ನುಗ್ಗುತ್ತದೆ. ನೆನೆದ ಪಂಚೆ, ಜೀನ್ಸ್ ಕಾಲನ್ನು ಕಟ್ಟಿಹಾಕುತ್ತವೆ.

ಮುಳುಗುವವನು ಹೆಚ್ಚಾಗಿ ಕೂಗುವುದಿಲ್ಲ, ಕೈ ಬೀಸುವುದೂ ಇಲ್ಲ. ಆದ್ದರಿಂದ ಮಾನಿಟರ್ ನೋಡದೆ ನಟನನ್ನೇ ನೋಡುವ ಒಬ್ಬರು ದಡದಲ್ಲಿರಬೇಕು. ಹಗ್ಗ, ಟ್ಯೂಬು ಅವರ ಕೈಯಳತೆಯಲ್ಲಿರಬೇಕು. ದೃಶ್ಯ ಸೊಂಟದ ಮಟ್ಟದ ನೀರು ಮೀರದಿರಲಿ. ಆಳದ ಭ್ರಮೆ ಹುಟ್ಟಿಸುವ ಹೊಣೆ ಕ್ಯಾಮೆರಾ ಕೋನದ್ದು.

ಮೇಲೆತ್ತಿದವನ ಹೊಟ್ಟೆ ಒತ್ತಿ ನೀರು ಕಕ್ಕಿಸುವುದನ್ನು ಸಿನಿಮಾಗಳೇ ಜನರಿಗೆ ಕಲಿಸಿವೆ. ಅದು ತಪ್ಪು, ಹೊಟ್ಟೆಯಲ್ಲಿರುವುದು ಮೇಲೆ ಬಂದು ಶ್ವಾಸಕೋಶ ಸೇರಬಹುದು. ಉಸಿರು ನಿಂತಿದ್ದರೆ ತಲೆಯನ್ನು ಹಿಂದಕ್ಕೆ ಬಾಗಿಸಿ, ಮೂಗು ಹಿಡಿದು, ಬಾಯಿಗೆ ಬಾಯಿಟ್ಟು ಮೊದಲು ಉಸಿರು ಊದಬೇಕು. ಆಮೇಲೆ ಎದೆಯ ನಡುವೆ, ಐದಾರು ಸೆಂ.ಮೀ. ಆಳಕ್ಕೆ, ನಿಮಿಷಕ್ಕೆ 100ರಿಂದ 120ರ ವೇಗದಲ್ಲಿ 30 ಸಲ ಒತ್ತಿ, ಎರಡು ಸಲ ಊದಬೇಕು. 108ರ ಆಂಬುಲೆನ್ಸ್ ಬರುವವರೆಗೂ ಇದು ನಿಲ್ಲಬಾರದು. ಎದ್ದು ಕೂತು ಮಾತಾಡಿದರೂ ಆಸ್ಪತ್ರೆಗೆ ಹೋಗಲೇಬೇಕು, ಏಕೆಂದರೆ ಶ್ವಾಸಕೋಶದ ತೊಂದರೆ ಕೆಲ ಗಂಟೆ ತಡವಾಗಿ ಕಾಣಿಸಿಕೊಳ್ಳಬಹುದು.

ಪ್ರಶ್ನೆ: ಮನೆಯ ಕರೆಂಟಿನಲ್ಲೇ ದೊಡ್ಡ ಲೈಟು ಉರಿಸಬಹುದೇ?

ಉತ್ತರ: ಲೆಕ್ಕ ಹಾಕಿ ಉರಿಸಬಹುದು. 230 ವೋಲ್ಟಿನಲ್ಲಿ 1000 ವ್ಯಾಟ್‌ನ ಲೈಟು ನಾಲ್ಕೂಕಾಲು ಆಂಪಿಯರಿಗಿಂತ ತುಸು ಹೆಚ್ಚು ಎಳೆಯುತ್ತದೆ. 6 ಆಂಪಿಯರಿನ ಸಣ್ಣ ಪ್ಲಗ್ಗು ಅಂಥ ಒಂದನ್ನು ತಾಳೀತು, ಎರಡನ್ನಲ್ಲ. ಎಕ್ಸ್‌ಟೆನ್ಷನ್ ವೈರನ್ನು ಸುತ್ತಿಟ್ಟೇ ಬಳಸಿದರೆ ಅದು ಕಾದು ಕರಗುತ್ತದೆ, ಪೂರ್ತಿ ಬಿಚ್ಚಿರಬೇಕು. ಮಳೆಯ ದೃಶ್ಯವಿದ್ದರೆ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನಾಗಿ ಆರಿಸುವ ಸ್ವಿಚ್) ಇಲ್ಲದ ಮನೆಯಲ್ಲಿ ಕೆಲಸ ಬೇಡ.

ಶಾಕ್ ಹೊಡೆದವರನ್ನು ಮುಟ್ಟುವ ಮೊದಲು ಮೇನ್ ಸ್ವಿಚ್ ಆರಿಸಬೇಕು. ಪ್ರಜ್ಞೆ ತಪ್ಪಿದ್ದರೆ, ಎದೆ ಹೊಡೆದುಕೊಳ್ಳುತ್ತಿದ್ದರೆ ಇಸಿಜಿ ಅಗತ್ಯ. ಕಾದ ಲೈಟು ತಾಗಿ ಸುಟ್ಟ ಕೈಯನ್ನು ಹರಿಯುವ ತಣ್ಣೀರಿನಡಿ 20 ನಿಮಿಷ ಹಿಡಿಯಬೇಕು. ಟೂತ್‌ಪೇಸ್ಟ್, ಇಂಕು, ಐಸು ಬೇಡ.

ಸದ್ದು ಕೇಳಬಾರದೆಂದು ಜನರೇಟರನ್ನು ಕೋಣೆಯೊಳಗೆ, ಮೆಟ್ಟಿಲಡಿ ಇಡುವವರಿದ್ದಾರೆ. ಅದರ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯಿಲ್ಲ. ಹಲವರಿಗೆ ಒಟ್ಟಿಗೇ ತಲೆನೋವು, ವಾಕರಿಕೆ ಬಂದರೆ ಊಟದ ಮೇಲೆ ಗುಮಾನಿ ಪಡುವ ಮೊದಲು ಎಲ್ಲರೂ ಬಯಲಿಗೆ ಬರಬೇಕು. ಬೆರಳಿಗೆ ಹಾಕುವ ಆಕ್ಸಿಮೀಟರ್ ಇಲ್ಲಿ ಮೋಸ ಮಾಡುತ್ತದೆ: ವಿಷ ಏರಿದ್ದರೂ ಆಮ್ಲಜನಕ ಸರಿಯಿದೆ ಎಂದೇ ತೋರಿಸುತ್ತದೆ.

ಪ್ರಶ್ನೆ: ಮೇಕಪ್ಪು, ಹೊಗೆ, ಬಣ್ಣದ ಲೆನ್ಸುಗಳಿಂದ ಅಪಾಯವಿದೆಯೇ?

ಉತ್ತರ: ಸಾಂಬ್ರಾಣಿ ಹೊಗೆ ಅಸ್ತಮಾ ಇರುವವರಿಗೆ ಆಗದು, ಇನ್‌ಹೇಲರ್ ಜೇಬಿನಲ್ಲಿರಬೇಕು. ಟೈರು ಸುಡುವುದು ಯಾರಿಗೂ ಒಳ್ಳೆಯದಲ್ಲ. ರಕ್ತದ ದೃಶ್ಯಕ್ಕೆ ಸಕ್ಕರೆ ಪಾಕಕ್ಕೆ ತಿನ್ನುವ ಬಣ್ಣ ಬೆರೆಸಿದರೆ ಸಾಕು. ಅಗ್ಗದ ಕುಂಕುಮದಲ್ಲಿ ಸೀಸ ಇರಬಹುದಾದ್ದರಿಂದ ಅದು ಬಾಯಿಯ ಹತ್ತಿರ ಬೇಡ. ಗ್ಲಿಸರಿನ್ ಕಣ್ಣಿನ ಕೆಳಗೆ ಹಚ್ಚುವಂಥದ್ದು, ಒಳಗೆ ಬಿಡುವಂಥದ್ದಲ್ಲ.

ಲೆನ್ಸಿನ ಮಾತು ಬೇರೆ. ಒಬ್ಬರು ಹಾಕಿದ್ದನ್ನು ಇನ್ನೊಬ್ಬರು ಹಾಕುವುದು, ನಲ್ಲಿ ನೀರಲ್ಲಿ ತೊಳೆಯುವುದು, ಅದರಲ್ಲೇ ನಿದ್ದೆ ಹೋಗುವುದು ಕಾರ್ನಿಯಾದ ಸೋಂಕಿಗೆ ನೇರ ದಾರಿ. ಸ್ಯೂಡೊಮೊನಾಸ್ ಬ್ಯಾಕ್ಟೀರಿಯಾ ಒಂದೆರಡು ದಿನದಲ್ಲೇ ದೃಷ್ಟಿ ಕೆಡಿಸಬಲ್ಲದು. ಕಣ್ಣು ಕೆಂಪಾಗಿ, ನೋವಾಗಿ, ಬೆಳಕು ನೋಡಲಾಗದಿದ್ದರೆ ಲೆನ್ಸ್ ತೆಗೆದು ಅಂದೇ ಕಣ್ಣಿನ ವೈದ್ಯರಲ್ಲಿಗೆ ಹೋಗಬೇಕು. ಔಷಧಿ ಅಂಗಡಿಯ ಸ್ಟಿರಾಯ್ಡ್ ಹನಿ ಹಾಕಬಾರದು. ತೆಗೆದ ಲೆನ್ಸನ್ನು ಎಸೆಯದೆ ಡಬ್ಬಿಯಲ್ಲಿಟ್ಟು ಒಯ್ದರೆ, ಸೋಂಕು ಯಾವುದೆಂದು ಪತ್ತೆಹಚ್ಚಲು ಪ್ರಯೋಗಾಲಯಕ್ಕೆ ಅನುಕೂಲ.